ಚಿಗರಿಯ ಪಾರಣೆ

ಹೊಸಪೇಟೆಯ ಚಿತ್ತವಾಡ್ಗಿಯ ಆ ಓಣಿಯಲ್ಲಿ ನಾಯಿ ಸಾಕಿದವರು ಬೇಕಾದಷ್ಟು ಜನ ಇದ್ದರು. ನಾಯಿಯ ಕಾಲು ತೊಳೆದು ಟವೆಲ್ಲಿನಿಂದ ಒರೆಸುವವರು ಮಾತ್ರ ಗೋಪೀನಾಥರಾಯರು ಒಬ್ಬರೇ. ಬೆಳಗಿನ ತಿರುಗಾಟ ಮುಗಿಸಿ ಬಂದವರೇ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತು, ಚಿಗರಿಯ ಒಂದೊಂದೇ ಪಾದ ಎತ್ತಿ, ಬೆರಳಿನ ಸಂದಿ ಬಿಡಿಸಿ ನೋಡುತ್ತಿದ್ದರು. ಆ ವರ್ಷಗಳಲ್ಲಿ ಊರೆಂಬ ಊರೇ ಕೆಂಪಗಾಗಿತ್ತು. ಸಂಡೂರಿನ ಕಡೆಯಿಂದ ಅದಿರು ತುಂಬಿಕೊಂಡು ಬರುವ ಲಾರಿಗಳಿಗೆ ಹಗಲಿಲ್ಲ, ರಾತ್ರಿಯಿಲ್ಲ. ಅವು ಉದುರಿಸಿ ಹೋದ ಅದಿರಿನ ಚೂರು ಮೊಳೆಯ ಹಾಗೆ ಚುಚ್ಚುತ್ತಿತ್ತು. ಮನುಷ್ಯರ ಚಪ್ಪಲಿಯನ್ನೇ ಬಿಡದ್ದು ನಾಯಿಯ ಅಂಗಾಲನ್ನು ಬಿಟ್ಟೀತೆ?

"ಮದುವಿ ದಿನಾ ನಮ್ಮಪ್ಪ ನಿಮ್ಮ ಕಾಲು ತೊಳದದ್ದು ಬಿಟ್ರ, ಈ ಮನ್ಯಾಗ ಕಾಲು ತೊಳಿಸ್ಕೊಂಡಾಕಿ ಇಕೀ ಒಬ್ಬಾಕೀನ ನೋಡ್ರಿ," ಎಂದು ಅಡಿಗೆಮನೆಯ ಕಿಟಕಿಯಿಂದ ಲಕ್ಷ್ಮೀಬಾಯಿ ಅನ್ನುತ್ತಿದ್ದಳು.

"ನಿಮ್ಮಪ್ಪ ಒಂದ ದಿನಾ ತೊಳದ್ರು. ಅದನ್ನ ಇವತ್ತಿಗೂ ನೆಪ್ಪ ಮಾಡ್ಕೋತ ಕೂತೀ," ಎಂದು ರಾಯರು ತಲೆ ಎತ್ತದೆ ಉತ್ತರ ಕೊಡುತ್ತಿದ್ದರು.

ರಾಯರು ಟಿ.ಬಿ. ಡ್ಯಾಮಿನ ಕಾಲುವೆ ಆಫೀಸಿನಿಂದ ನಿವೃತ್ತರಾದ ದಿನ ಎಲ್ಲರೂ ಶಾಲು, ಹಣ್ಣು ಕೊಟ್ಟರೆ, ಮುಧೋಳದ ಕಡೆಯ ಸಹೋದ್ಯೋಗಿಯೊಬ್ಬ ಕೆಲವು ತಿಂಗಳ ಮೇಲೆ ಕೈಚೀಲದಲ್ಲಿ ಒಂದು ಮರಿ ತಂದುಕೊಟ್ಟಿದ್ದ. ಮುಧೋಳದ ಬೇಟೆನಾಯಿಯ ಮರಿ, ಮೈಗಿಂತ ಕಾಲೇ ಉದ್ದ. ನಾಯಿ ಹೊಸ್ತಿಲು ದಾಟಕೂಡದು ಎಂದು ಲಕ್ಷ್ಮೀಬಾಯಿ ಅವತ್ತೇ ಕಟ್ಟಪ್ಪಣೆ ಮಾಡಿದಳು. ರಾಯರು ಪವನ ಎಂದು ಹೆಸರಿಡಲು ಹೋದಾಗ, "ವಾಯುದೇವರ ಹೆಸರು ನಾಯಿಗೆ ಇಡ್ತೀರೇನು? ಅದೂ ಹೆಣ್ಣನಾಯಿಗೆ!" ಎಂದು ಕೈಯಲ್ಲಿದ್ದ ಸೌಟು ಎತ್ತಿದ್ದಳು. ಆಚೆಮನೆ ಭೀಮಮ್ಮ ಗೋಡೆಯ ಮೇಲಿಂದ ಇಣುಕಿ, "ಅಯ್ಯ, ಚಿಗರಿ ಮರಿ ತಂದಂಗೈತಲ್ಲವ್ವಾ!" ಎಂದಳು. ಆ ಕಡೆ ಜಿಂಕೆಗೆ ಚಿಗರಿ ಅನ್ನುತ್ತಾರೆ. ಅದೇ ಹೆಸರು ನಿಂತಿತು.

ಹೊಸ್ತಿಲಿನ ಅಪ್ಪಣೆ ಹಾಗೇ ಉಳಿಯಿತು. ಆದರೆ ಮೊದಲ ಚಳಿಗಾಲಕ್ಕೆ, ರಾಯರಿಗೆ ಸನ್ಮಾನದಲ್ಲಿ ಬಂದ ಶಾಲು ಎರಡು ತುಂಡಾಗಿ ಚಿಗರಿಯ ಮೈಮೇಲೆ ಅಂಗಿಯಾಗಿತ್ತು. "ಅದರ ಮೈಯಾಗ ಕೊಬ್ಬಿಲ್ಲ, ಕೂದಲಿಲ್ಲ. ನೀವು ಶಾಲು ಹೊದ್ದು ಯಾವ ಸಭಾಕ್ಕ ಹೋಗೋರಿದ್ದೀರಿ?" ಎಂದು ಹೇಳಿ ಲಕ್ಷ್ಮೀಬಾಯಿ ಸೂಜಿ ಮುರಿಯುವ ಹಾಗೆ ಹೊಲಿದಿದ್ದಳು. ಊಟದ ವ್ಯವಸ್ಥೆಯೂ ಹೀಗೇ. ಮನೆಯಲ್ಲಿ ಅನ್ನ, ಮೊಸರು, ರಾಗಿ ಅಂಬಲಿ. ಮೊಟ್ಟೆ, ಮಾಂಸ ಗೋಡೆಯ ಆಚೆ ಭೀಮಮ್ಮನ ಅಂಗಳದಲ್ಲಿ. ಇದು ಓಣಿಗೆಲ್ಲ ಗೊತ್ತಿದ್ದ ಗುಟ್ಟು. ಚಿಗರಿ ಬಾಯಿ ಒರೆಸಿಕೊಂಡು ಬಂದಾಗ ಲಕ್ಷ್ಮೀಬಾಯಿ ಮೂಗು ಮುಚ್ಚಿಕೊಂಡು, "ಎಲ್ಲಿಗೆ ಹೋಗಿದ್ದೆವ್ವಾ?" ಎಂದು ಕೇಳುತ್ತಿದ್ದಳು. ಚಿಗರಿ ಬಾಲ ಆಡಿಸುತ್ತಿತ್ತು. ಇಬ್ಬರಿಗೂ ಅಷ್ಟೇ ಸಾಕಿತ್ತು.

ನಿವೃತ್ತಿಯಾದ ಮೊದಲ ಕೆಲವು ತಿಂಗಳು ರಾಯರು ಮನೆಯಲ್ಲಿ ಇದ್ದೂ ಇಲ್ಲದ ಹಾಗಿದ್ದರು. ಪೇಪರು ಓದಿ ಮಡಿಚಿ, ಮತ್ತೆ ಬಿಚ್ಚಿ ಓದುತ್ತಿದ್ದರು. ಗಂಡಸು ಕೆಲಸವಿಲ್ಲದೆ ಮನೆಯಲ್ಲಿ ಕೂತರೆ ಗೋಡೆಯ ಸುಣ್ಣವೂ ಬೇಸರಪಡುತ್ತದೆ. ಚಿಗರಿ ಬಂದ ಮೇಲೆ ಅವರ ದನಿ ಮರಳಿತು. ಮುಧೋಳದವನಿಗೆ ಫೋನು ಮಾಡಿ ಕೇಳುವುದೇನು, ದನದ ಆಸ್ಪತ್ರೆಯ ಡಾಕ್ಟರನ್ನು ದಾರಿಯಲ್ಲಿ ಹಿಡಿದು ನಿಲ್ಲಿಸುವುದೇನು! ಒಂದು ವರ್ಷ ತುಂಬುವವರೆಗೆ ಓಟವೇ ಇಲ್ಲ, ಎಲುಬು ಹಸಿ ಇರುತ್ತದೆ ಎಂದು ಕಟ್ಟೆಯಿಂದ ಜಿಗಿಯಲೂ ಬಿಡಲಿಲ್ಲ. ಆಮೇಲೆ ಡ್ಯಾಮಿನ ಹಿನ್ನೀರು ಸರಿದ ಮೆತ್ತನೆಯ ಮಣ್ಣಿನಲ್ಲಿ ನಡಿಗೆ. ನಡೆದು ಮೈ ಬಿಸಿಯಾದ ಮೇಲೆ ಮಾತ್ರ ಚಿಕ್ಕದೊಂದು ಓಟ, ಮರುದಿನ ವಿಶ್ರಾಂತಿ. ಭೀಮಮ್ಮನ ಗಂಡ ಹೊನ್ನೂರುಸ್ವಾಮಿ ಟಂಟಂ ಆಟೋ ಓಡಿಸುವವನು. ಅವನು ಹಳೇ ಸೈಕಲ್ಲೊಂದನ್ನು ತಲೆಕೆಳಗು ನಿಲ್ಲಿಸಿ, ಟೈರು ತೆಗೆದ ಹಿಂದಿನ ಗಾಲಿಗೆ ಉದ್ದನೆಯ ಹಗ್ಗ ಕಟ್ಟಿ, ತುದಿಗೆ ಗೋಣಿಚೀಲದ ಗಂಟು ಬಿಗಿದ. ಕೈಯಿಂದ ಪೆಡಲು ತಿರುಗಿಸಿದರೆ ಹಗ್ಗ ಗಾಲಿಗೆ ಸುತ್ತಿಕೊಂಡು, ಗಂಟು ಮೊಲದ ಹಾಗೆ ನೆಲದ ಮೇಲೆ ಓಡುತ್ತಿತ್ತು. ಚಿಗರಿ ಅದರ ಹಿಂದೆ.

ಇಷ್ಟೆಲ್ಲ ಆಗುವಾಗ ಎದುರಿಗೆ ಬಂದವನು ತಾಯಪ್ಪ. ಒಂದು ಲಾರಿ ಇದ್ದವನು ಅದಿರಿನ ದಯೆಯಿಂದ ಹತ್ತಾರು ಲಾರಿಯ ಧಣಿಯಾಗಿದ್ದ. ಬಿಳಿ ಸ್ಕಾರ್ಪಿಯೋ, ಕೊರಳಲ್ಲಿ ಬೆರಳು ದಪ್ಪದ ಚೈನು, ಮನೆಯ ಮುಂದೆ ನಾಲ್ಕು ಬೇಟೆನಾಯಿ. ಅವನ ಆಳುಗಳು ನಾಯಿಗಳನ್ನು ಬೈಕಿಗೆ ಕಟ್ಟಿ ಡಾಂಬರು ರಸ್ತೆಯಲ್ಲಿ ಓಡಿಸುತ್ತಿದ್ದರು. ಒಂದು ದಿನ ಅವನು ಗಾಡಿ ನಿಲ್ಲಿಸಿ, "ಆಚಾರ್ರೇ, ನಿಮ್ಮ ನಾಯಿಗೆ ಏನ್ ಹಾಕ್ತೀರಿ?" ಎಂದು ಕೇಳಿದ.

"ಮೊಸರನ್ನ," ಎಂದರು ರಾಯರು ಸಹಜವಾಗಿ.

ತಾಯಪ್ಪ ಸ್ಟೇರಿಂಗ್ ಬಡಿದು ನಕ್ಕ. "ಮೊಸರನ್ನ ತಿಂದ ನಾಯಿ ಮಲಗ್ತೈತ್ರಿ, ಓಡಂಗಿಲ್ಲ! ಸಂಕ್ರಾಂತಿ ಮುಗದ ಮ್ಯಾಲೆ ಕಂಪ್ಲಿಯಾಗ ನಾಯಿ ಓಟ ಐತಿ. ಕರ್ಕೊಂಡು ಬರ್ರಿ. ಓಡಲಿಲ್ಲಂದ್ರ ನಾವೇ ಎತ್ಗೊಂಡು ಬಂದು ಮನೀಗೆ ಬಿಡ್ತೀವಿ."

ರಾಯರು ಚಿಗರಿಯನ್ನು ಕರೆದುಕೊಂಡು ಹೊರಟುಬಿಟ್ಟರು. ಮನೆಗೆ ಬಂದು ಎರಡು ಲೋಟ ನೀರು ಕುಡಿದರು. ಮರುದಿನವೇ ಹೊನ್ನೂರುಸ್ವಾಮಿಯನ್ನು ಕಳಿಸಿ ಚಿಗರಿಯ ಹೆಸರು ಬರೆಸಿದರು. ಅವತ್ತಿನಿಂದ ಅವರಿಗೆ ಕಂಪ್ಲಿಯದೇ ಧ್ಯಾನ. ನಾಯಿಯ ಉಗುರು ತಾವೇ ಕತ್ತರಿಸಿದರು, ತೊಡೆ ತಿಕ್ಕಿದರು. ಸಂಧ್ಯಾವಂದನೆ ಮಾಡುತ್ತ ಕೂತಾಗಲೂ ಕಣ್ಣು ಹಿತ್ತಲಿನ ಕಡೆ. ಗಂಡನ ಮುಖದಲ್ಲಿ ಇಂಥ ಹುರುಪನ್ನು ಲಕ್ಷ್ಮೀಬಾಯಿ ನೋಡಿ ಎಷ್ಟೋ ಕಾಲವಾಗಿತ್ತು. ಚಿಗರಿ ಗೆಲ್ಲದಿದ್ದರೂ ಚಿಂತೆಯಿಲ್ಲ, ಆ ಲಾರಿ ಧಣಿಯ ಎದುರು ಇವರ ತಲೆ ತಗ್ಗದಿದ್ದರೆ ಸಾಕು ಎಂದು ಅವಳು ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು.

ಓಟದ ಹಿಂದಿನ ದಿನ ಏಕಾದಶಿ. ಗಂಡ ಹೆಂಡತಿ ಇಬ್ಬರದೂ ನಿರಾಹಾರ. ಸಂಜೆ ಲಕ್ಷ್ಮೀಬಾಯಿ ಮರುದಿನ ಉಪವಾಸ ಬಿಡುವ ಪಾರಣೆಗೆಂದು ಅಗಸೆಸೊಪ್ಪು ಬಿಡಿಸುತ್ತ ಕೂತಿದ್ದಾಗ ರಾಯರು ಬಂದು, "ಚಿಗರಿಗೆ ಈಗ ಹಗೂರ ಹಾಕೀನಿ. ಇನ್ನ ನಾಳೆ ಓಟ ಮುಗಿಯೋತನಕ ಏನೂ ಹಾಕಬ್ಯಾಡ. ಭೀಮಮ್ಮಗೂ ಹೇಳೀನಿ," ಎಂದರು. ಲಕ್ಷ್ಮೀಬಾಯಿ ಹೂಂ ಅಂದಳು. ಗಂಡಸರು ಏನು ಮಾಡಬಾರದು ಎಂದು ಹೇಳುತ್ತಾರೆ, ಯಾಕೆ ಎಂದು ಹೇಳುವುದಿಲ್ಲ. ಹೆಂಗಸರು ಹೂಂ ಅನ್ನುತ್ತಾರೆ, ಯಾಕೆ ಎಂದು ಕೇಳುವುದಿಲ್ಲ. ಎಷ್ಟೋ ಸಂಸಾರಗಳು ಹೀಗೇ ನಡೆದುಕೊಂಡು ಹೋಗುತ್ತವೆ, ಎಲ್ಲೋ ಒಮ್ಮೆ ಎಡವುತ್ತವೆ.

ಮರುದಿನ ದ್ವಾದಶಿ. ಸೂರ್ಯ ಮೇಲೆ ಬರುವ ಮೊದಲೇ ಅಡಿಗೆಯಾಗಿ, ದೇವರಿಗೆ ನೈವೇದ್ಯವಾಗಿ, ಇನ್ನು ಎಲೆ ಹಾಕುವುದೊಂದೇ ಬಾಕಿ. ಲಕ್ಷ್ಮೀಬಾಯಿಯ ತವರಿನಲ್ಲಿ ದ್ವಾದಶಿಯ ದಿನ ಮೊದಲ ತುತ್ತು ಕೊಟ್ಟಿಗೆಯ ಆಕಳಿಗೆ. ಉಪವಾಸವಿದ್ದ ಮನೆಯಲ್ಲಿ ಮೂಕಪ್ರಾಣಿಯನ್ನು ಹಸಿವಿನಲ್ಲಿಟ್ಟು ತಾನು ಉಂಡರೆ ವ್ರತ ಮಾಡಿದ್ದೂ ಸುಳ್ಳು ಎಂದು ಅವಳ ಅಜ್ಜಿ ಹೇಳುತ್ತಿದ್ದರು. ಚಿತ್ತವಾಡ್ಗಿಯಲ್ಲಿ ಅವಳಿಗೆ ಕೊಟ್ಟಿಗೆಯೂ ಇಲ್ಲ, ಆಕಳೂ ಇಲ್ಲ. ಹಾಗಾಗಿ ಚಿಗರಿ ಬಂದಂದಿನಿಂದ ಆಕಳಿನ ಪಾಲು ಚಿಗರಿಗೆ ಬಂದಿತ್ತು. ಆ ಹೊತ್ತಿಗೆ ರಾಯರು ಜಪದಲ್ಲಿ ಇರುತ್ತಿದ್ದರು. ದ್ವಾದಶಿಯ ದಿನ ಉಪವಾಸದ ಸುಸ್ತಿಗೆ ತಿರುಗಾಟಕ್ಕೂ ರಜೆ. ಆದ್ದರಿಂದ ಈ ಲೆಕ್ಕ ಅವರಿಗೆ ತಿಳಿಯುವ ಸಂದರ್ಭವೇ ಬಂದಿರಲಿಲ್ಲ.

ಅವತ್ತೂ ಅವಳು ಹಿತ್ತಲಿಗೆ ಹೋದಳು. ಗಂಡ ಹೇಳಿದ್ದು ನೆನಪಿತ್ತು. ಆದರೆ ಪಾರಣೆಯೇನು ತಿಂಡಿಯೇ? ಅದು ಧರ್ಮವಲ್ಲವೇ ಅನ್ನಿಸಿತು. ಅದೂ ಅಲ್ಲದೆ ಖಾಲಿ ಹೊಟ್ಟೆಯಲ್ಲಿ ಯಾವ ಜೀವ ತಾನೇ ಓಡೀತು? ಚಿಗರಿ ಕಿವಿ ಹಿಂದಕ್ಕೆ ಮಡಿಚಿ ಅವಳನ್ನೇ ನೋಡುತ್ತಿತ್ತು. "ಉಣ್ಣವ್ವಾ. ನೀ ಉಂಡ್ರ ನಾ ಉಣ್ಣಬೇಕು," ಎಂದು ಮೊಸರನ್ನ, ಅದರ ಮೇಲೆ ಹೆಸರುಬೇಳೆ ಪಾಯಸ ಸುರಿದಳು. ಓಟದ ದಿನವೆಂದು ಒಂದು ಸೌಟು ಹೆಚ್ಚೇ. ಚಿಗರಿ ತಟ್ಟೆಯನ್ನು ನೆಕ್ಕಿ ಗೋಡೆಯವರೆಗೆ ತಳ್ಳಿಕೊಂಡು ಹೋಯಿತು.

ಕಂಪ್ಲಿಗೆ ಹೊರಟಾಗ ಬಿಸಿಲು ಎಳೆಯದಾಗಿತ್ತು. ಟಂಟಮ್ಮಿನ ಮುಂದೆ ಹೊನ್ನೂರುಸ್ವಾಮಿ, ಹಿಂದೆ ಲಕ್ಷ್ಮೀಬಾಯಿ, ಭೀಮಮ್ಮ, ಕಾಲ ಬಳಿ ಅಂಗಿ ತೊಟ್ಟ ಚಿಗರಿ, ಅದನ್ನು ಮಗುವಿನ ಹಾಗೆ ಹಿಡಿದುಕೊಂಡ ರಾಯರು.

"ನಾ ಎರಡು ದಿನ ಆತು, ಮೊಟ್ಟಿ ಚಿಪ್ಪನ್ನೂ ತೋರಿಸಿಲ್ರಿ ಇದಕ್ಕ," ಎಂದು ಭೀಮಮ್ಮ ಹೆಮ್ಮೆಯಿಂದ ಹೇಳಿದಳು. ಲಕ್ಷ್ಮೀಬಾಯಿ ಆಚೆ ಕಬ್ಬಿನ ಗದ್ದೆ ನೋಡುತ್ತ ಕೂತಳು.

ಕಾಲುವೆಯ ಪಕ್ಕದಲ್ಲಿ ಕೊಯ್ಲಾದ ಗದ್ದೆಯೊಂದನ್ನು ಹಸನು ಮಾಡಿ, ಎರಡೂ ಬದಿಗೆ ಹಗ್ಗ ಕಟ್ಟಿದ್ದರು. ಮೈಕಿನಲ್ಲಿ ಒಬ್ಬ ಕೂಗುತ್ತಲೇ ಇದ್ದ. ಮಿರ್ಚಿ ಭಜಿಯ ಬಾಣಲೆ, ಬೈಕುಗಳ ಸಾಲು, ಎಲ್ಲಿ ನೋಡಿದರೂ ಉದ್ದ ಮೂತಿಯ ತೆಳ್ಳನೆಯ ನಾಯಿಗಳು. ರಾಯರು ಮೊದಲು ಓಡುವ ಜಾಗವನ್ನೆಲ್ಲ ನಡೆದು ನೋಡಿ, ಚುಚ್ಚುವ ಭತ್ತದ ಕೂಳೆ ಎಲ್ಲೆಲ್ಲಿ ಉಳಿದಿದೆ ಎಂದು ಹೇಳಿ ಕೀಳಿಸಿ ಬಂದರು. ನಂತರ ಚಿಗರಿಯ ಅಂಗಿ ಬಿಚ್ಚದೆಯೇ ಅತ್ತಿಂದಿತ್ತ ನಡೆಸತೊಡಗಿದರು.

ಅಲ್ಲೇ ಯಾರೋ ತಮ್ಮ ನಾಯಿಗೆ ಮಿರ್ಚಿ ಭಜಿ ತಿನ್ನಿಸುತ್ತಿದ್ದರು. ರಾಯರು ಅದನ್ನು ನೋಡಿ ಲೊಚಗುಟ್ಟಿದರು.

"ನೋಡು, ನೋಡು. ಜೀವಾ ತಗೀತಾರ ಇವರು."

"ಯಾಕ್ರೀ? ಖಾರ ಅಂತನಾ?" ಎಂದಳು ಲಕ್ಷ್ಮೀಬಾಯಿ.

"ಖಾರ ಇರಲಿ. ಇವುಗಳ ಎದಿ ಎಷ್ಟ ಆಳ ನೋಡು. ಅದರೊಳಗ ಹೊಟ್ಟಿ ಜೋಳಿಗಿ ಹಂಗ ತೂಗ್ತಿರ್ತದ. ತುಂಬಿದ ಹೊಟ್ಟಿಯೊಳಗ ಜೋರಾಗಿ ಓಡಿದ್ರ ಆ ಜೋಳಿಗಿ ಒಮ್ಮೊಮ್ಮೆ ತಿರುಚಿಕೊಂಡ ಬಿಡ್ತದ, ಒದ್ದಿ ಬಟ್ಟಿ ಹಿಂಡಿದ ಹಂಗ. ಗಾಳಿ ತುಂಬಿ ಹೊಟ್ಟಿ ಉಬ್ಬತದ. ವಾಂತಿ ಮಾಡಾಕ ನೋಡ್ತದ, ಏನೂ ಬರೂದಿಲ್ಲ. ಜಲ್ದಿ ಆಪರೇಷನ್ ಆಗಲಿಲ್ಲಂದ್ರ ಮುಗೀತು. ಅದಕ್ಕ ನಿನಗ ಏನೂ ಹಾಕಬ್ಯಾಡ ಅಂದದ್ದು."

ಲಕ್ಷ್ಮೀಬಾಯಿಗೆ ಪಾಯಸದ ಸೌಟು ಕಣ್ಣೆದುರು ಬಂತು. ಹೇಳಿಬಿಡಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ತಾಯಪ್ಪ ಬಂದ. ಹಿಂದೆ ಇಬ್ಬರು ಆಳು, ಅವರ ಕೈಯಲ್ಲಿ ನಾಯಿಗಳು.

"ಬಂದ್ರಾ ಆಚಾರ್ರೇ! ಮೊಸರನ್ನಕ್ಕ ಅಂಗೀನೂ ಹಾಕ್ಯಾರಲ್ರಲೇ!" ಎಂದು ಆಳುಗಳ ಕಡೆ ತಿರುಗಿ ನಕ್ಕ.

"ಓಟ ಆದ ಮ್ಯಾಲೆ ಆ ಅಂಗಿ ನಿನಗ ಕೊಡ್ತೀನಿ ತಾಯಪ್ಪ, ಬೆವರು ಒರಸ್ಕೊಳ್ಳಾಕ," ಎಂದರು ರಾಯರು. ಸುತ್ತ ನಿಂತವರು ಹೋ ಎಂದು ನಕ್ಕರು. ಗಂಡ ನಾಲ್ಕು ಜನರ ನಡುವೆ ಎದೆ ಸೆಟೆಸಿ ನಿಂತು ಹೀಗೆ ಮಾತಾಡಿದ್ದನ್ನು ಲಕ್ಷ್ಮೀಬಾಯಿ ಕಂಡಿರಲಿಲ್ಲ. ಬಾಯಿ ತಾನಾಗಿ ಮುಚ್ಚಿಕೊಂಡಿತು.

ಮೈಕಿನವನು ಚಿಗರಿಯ ಹೆಸರು ಕೂಗಿದ. ಈಗ ಹೇಳಿದರೆ ಇವರ ಮಾನ ಹೋಗುತ್ತದೆ, ಹೇಳದಿದ್ದರೆ ಅದರ ಪ್ರಾಣ ಹೋದರೂ ಹೋದೀತು. ಮಾನವೂ ಉಳಿದು ಪ್ರಾಣವೂ ಉಳಿಯುವ ದಾರಿ ಅವಳಿಗೆ ಒಂದೇ ಹೊಳೆಯಿತು. ತಲೆ ಹಿಡಿದುಕೊಂಡು, "ಅಯ್ಯೋ, ಕಣ್ಣಿಗೆ ಕತ್ತಲಿ ಬಂತ್ರೀ... ಮನೀಗೆ ಹೋಗೂಣ ನಡೀರಿ," ಎಂದು ಬದುವಿನ ಮೇಲೆ ಕುಸಿದು ಕೂತಳು.

ರಾಯರು ಗಾಬರಿಯಾಗಿ ಓಡಿ ಬಂದರು. "ನಿನ್ನೆ ಉಪವಾಸ, ಇವತ್ತ ಬಿಸಿಲು. ಬರಬ್ಯಾಡ ಅಂದ್ರ ಕೇಳಲಿಲ್ಲ. ಭೀಮಮ್ಮ, ನೀರು ತಾರವ್ವಾ!" ಎನ್ನುತ್ತ ಪಂಚೆಯ ತುದಿಯಿಂದ ಗಾಳಿ ಹಾಕಿದರು. ಲಕ್ಷ್ಮೀಬಾಯಿಗೆ ಅರೆಮುಚ್ಚಿದ ಕಣ್ಣಿನಲ್ಲೇ ಸಮಾಧಾನವಾಯಿತು. ಆದರೆ ಮರುಗಳಿಗೆ ರಾಯರು ಚಿಗರಿಯ ಹಗ್ಗವನ್ನು ಹೊನ್ನೂರುಸ್ವಾಮಿಯ ಕೈಗಿತ್ತರು. "ನೀ ಒಯ್ದು ಬಿಡಪಾ. ನಾ ಇಲ್ಲಿರತೀನಿ. ಅಕೀಗೆ ಎಲ್ಲಾ ಗೊತ್ತದ, ಓಡತಾಳ."

ಹೊನ್ನೂರುಸ್ವಾಮಿ ಚಿಗರಿಯ ಅಂಗಿ ಬಿಚ್ಚಿ, ಅದನ್ನು ಕರೆದುಕೊಂಡು ಗೆರೆಯ ಕಡೆ ಹೋಗಿಯೇ ಬಿಟ್ಟ. ಬೈಕಿನ ಹಿಂದೆ ಕಟ್ಟಿದ ಗೋಣಿಯ ಗಂಟನ್ನು ಕಂಡು ಚಿಗರಿ ಮೈಯೆಲ್ಲ ಬಿಗಿ ಮಾಡಿಕೊಂಡು ನಡುಗುತ್ತಿತ್ತು.

ಕಣ್ಣಿಗೆ ಕತ್ತಲೆ ಬಂದಿದ್ದ ಲಕ್ಷ್ಮೀಬಾಯಿ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಗಂಡನನ್ನು ಒಂದು ಕಡೆ ತಳ್ಳಿ, ಹಗ್ಗದ ಕೆಳಗೆ ನುಸುಳಿ ಗದ್ದೆಯ ನಟ್ಟನಡುವೆ ಓಡಿದಳು.

"ನಿಲ್ಲಸ್ರೀ! ಬಿಡಬ್ಯಾಡ್ರೀ! ಅಕೀ ಉಂಡಾಳ! ಪಾರಣಿ ಮಾಡ್ಯಾಳ!"

ಜನರೆಲ್ಲ ಎದ್ದು ನಿಂತರು. ಮೈಕಿನವನು, "ಯಾರೋ ಅಜ್ಜೀರು ಓಡಾಕ ಹತ್ಯಾರ, ಅವರ ಹೆಸರು ನಮ್ಮ ಪಟ್ಟಿಯಾಗಿಲ್ಲ," ಎಂದ. ನಗೆಯ ಅಲೆ ಎದ್ದಿತು. ಲಕ್ಷ್ಮೀಬಾಯಿ ಅದೊಂದನ್ನೂ ಕೇಳಿಸಿಕೊಳ್ಳಲಿಲ್ಲ. ಹೋಗಿ ಚಿಗರಿಯ ಕೊರಳನ್ನು ಎರಡೂ ಕೈಯಿಂದ ತಬ್ಬಿ ನೆಲಕ್ಕೆ ಕೂತಳು. ಮಡಿ ಮೈಲಿಗೆಯ ಯೋಚನೆ ಅವಳಿಗೆ ಬರಲಿಲ್ಲ.

ರಾಯರು ಏದುಸಿರು ಬಿಡುತ್ತ ಬಂದರು.

"ಏನ್ ಹಾಕೀದಿ?"

"ಮೊಸರನ್ನ. ಪಾಯಸ."

"ಎಷ್ಟು?"

ಅವಳು ಎರಡೂ ಅಂಗೈ ಜೋಡಿಸಿ ತೋರಿಸಿದಳು. ಕಣ್ಣು ತುಂಬಿತ್ತು. "ನನ್ನ ಬಾಯಿಗೆ ತುತ್ತು ಹ್ಯಾಂಗ ಹೋಗ್ತದ್ರೀ, ಅಕೀ ನೋಡ್ಕೋತ ನಿಂತಾಗ?"

ರಾಯರು ಮಂಡಿಯೂರಿ ಚಿಗರಿಯ ಹೊಟ್ಟೆಯನ್ನು ಎರಡೂ ಬದಿಯಿಂದ ಮೆಲ್ಲಗೆ ಒತ್ತಿ ನೋಡಿದರು. ಒಸಡಿನ ಬಣ್ಣ ನೋಡಿದರು. ಹೊನ್ನೂರುಸ್ವಾಮಿಯ ಕೈಯಿಂದ ಅಂಗಿ ತೆಗೆದುಕೊಂಡು ಚಿಗರಿಗೆ ತೊಡಿಸಿ, ಮೈಕಿನವನ ಕಡೆ ನೋಡಿ ಕೈ ಆಡಿಸಿದರು, ನಮ್ಮದು ಇಲ್ಲ ಎಂಬ ಹಾಗೆ.

ತಾಯಪ್ಪ ಹಗ್ಗದ ಬಳಿಯೇ ನಿಂತಿದ್ದ. "ಏನಾತ್ರೀ ಆಚಾರ್ರೇ? ನಾ ಅಂದಿದ್ದಿಲ್ಲಾ, ಮೊಸರನ್ನ..."

"ಸಾಕು ಬಿಡಪಾ ತಾಯಪ್ಪ," ಎಂದು ಲಕ್ಷ್ಮೀಬಾಯಿ ತಿರುಗಿ ನಿಂತಳು. "ಬಯ್ಯೂದಿದ್ರ ನನ್ನ ಬೈ. ಅವರು ಎರಡು ವರ್ಷ ಕೂಸಿನ ಹಂಗ ತಯಾರು ಮಾಡಿದ್ರು, ನಾ ಒಂದ ಮುಂಜಾನಿ ಕೆಡಸೀನಿ. ಉಂಡ ನಾಯಿ ಓಡಿದ್ರ ಹೊಟ್ಟಿ ತಿರುಚಿಕೊಂಡು ಸಾಯ್ತದಂತ. ನಿನಗ ನಗಬೇಕಂದ್ರ ನಗು. ನಮಗ ನಾಯಿ ಬೇಕು."

ತಾಯಪ್ಪ ನಗಲಿಲ್ಲ. ರಾಯರ ಹತ್ತಿರ ಬಂದು ದನಿ ತಗ್ಗಿಸಿದ. "ಸಾರ, ಹೊಟ್ಟಿ ಉಬ್ಬತೈತೇನ್ರೀ? ಡೊಳ್ಳಿನಂಗ?"

"ಹೂಂ."

"ವಾಂತಿ ಬಂದಂಗ ಮಾಡ್ತೈತಿ, ಬರೀ ಜೊಲ್ಲು ಬರ್ತೈತಿ?"

"ಹೂಂ. ಯಾಕಪಾ?"

"ಹ್ವಾದ ವರ್ಷ ನಮ್ಮ ರಾಜಾ ಹಿಂಗ ಸತ್ತ." ತಾಯಪ್ಪ ಕೊರಳಿನ ಚೈನನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದ. "ಗೆದ್ದು ಬಂದು ಬಿದ್ದ. ಮುಂಜಾನೆ ಮೊಟ್ಟಿ, ತುಪ್ಪ, ಅನ್ನ ಎಲ್ಲಾ ಹಾಕಿದ್ವಿ, ಬಲ ಬರ್ಲಿ ಅಂತ. ದೃಷ್ಟಿ ಆತು ಅಂದ್ರು ಮಂದಿ. ಕುಂಬಳಕಾಯಿ ಒಡದ್ವಿ. ನನ್ನ ತೊಡಿ ಮ್ಯಾಲೆ ತಲಿ ಇಟ್ಟು ಸತ್ತ ಸಾರ."

ರಾಯರು ಅವನ ಭುಜದ ಮೇಲೆ ಕೈಯಿಟ್ಟರು. "ಗೊತ್ತಿರಲಿಲ್ಲ ನಿನಗ. ಇವತ್ತು ಏನ್ ಹಾಕೀರಿ ಇವಕ್ಕ?"

ತಾಯಪ್ಪ ಆಳುಗಳ ಕಡೆ ನೋಡಿದ. ಆಳುಗಳು ನೆಲ ನೋಡಿದರು. ಅವನಿಗೆ ಅರ್ಥವಾಯಿತು. "ಲೇ, ಎರಡನ್ನೂ ಗಾಡಿಗೆ ಹತ್ತಿಸ್ರಿ. ಓಟ ಬ್ಯಾಡ."

"ಧಣೇರ, ಹೆಸರು ಕರೀತಾರ ಈಗ..."

"ಬ್ಯಾಡ ಅಂದ್ನಿಲ್ಲೋ!"

ಅವನು ಗಾಡಿಯ ಕಡೆ ಹೋಗಿ ಮತ್ತೆ ತಿರುಗಿ ಬಂದ. "ಸಾರ, ನೀವು ಆ ಸೈಕಲ್ ಗಾಲಿ ಇಟ್ಟು ಓಡಸ್ತೀರಂತಲ್ಲ. ನಾ ಬಂದು ನೋಡ್ಲೇನ್ರೀ?"

"ಬಾ. ಬೈಕಿಗೆ ಕಟ್ಟೂದು ಮಾತ್ರ ಬಿಡಬೇಕು."

"ಬಿಟ್ಟೆ ಅನ್ನಿ."

ಟಂಟಂ ಹೊಸಪೇಟೆಯ ಕಡೆ ಹೊರಟಿತು. ಚಿಗರಿಗೆ ಮಾತ್ರ ಈ ದಿನದಲ್ಲಿ ಏನು ಕಡಿಮೆಯಾಯಿತೆಂದೇ ತಿಳಿಯದು. ಲಕ್ಷ್ಮೀಬಾಯಿಯ ಮಡಿಲಲ್ಲಿ ತಲೆಯಿಟ್ಟು ನಿದ್ದೆ ಹೋಗಿತ್ತು. ರಾಯರು ಆಗಾಗ ಬಗ್ಗಿ ಅದರ ಹೊಟ್ಟೆ ಮುಟ್ಟಿ ನೋಡುತ್ತಿದ್ದರು.

"ಸಿಟ್ಟು ಬಂದದೇನ್ರೀ?" ಎಂದಳು ಲಕ್ಷ್ಮೀಬಾಯಿ ಕೊನೆಗೆ.

"ಬಂದದ."

"ಎಷ್ಟು?"

"ನನ್ನ ಎಲಿಗೆ ಒಂದ ಸೌಟು ಪಾಯಸ ಹಾಕಿ, ಸಾಕು ವಯಸ್ಸಾಗೇದ ಅಂದಿ. ಇಕೀಗೆ ಎರಡು ಅಂಗೈ ತುಂಬ!"

ಹೊನ್ನೂರುಸ್ವಾಮಿ ಮುಂದೆ ಕೂತು ನಕ್ಕಿದ್ದಕ್ಕೆ ಟಂಟಂ ಒಮ್ಮೆ ಓಲಾಡಿತು. ಲಕ್ಷ್ಮೀಬಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಇನ್ನ ಮ್ಯಾಲೆ ಹೇಳೂದಿದ್ರ ಯಾಕ ಅನ್ನೂದನ್ನೂ ಕೂಡೇ ಹೇಳ್ರಿ. ನಾನೂ ಕೇಳ್ತೀನಿ," ಎಂದಳು. ಸ್ವಲ್ಪ ದೂರ ಹೋದ ಮೇಲೆ, "ಮುಂದಿನ ಓಟ ಯಾವಾಗ್ರೀ?"

"ಯುಗಾದಿ ಆಸುಪಾಸಿಗೆ ಗಂಗಾವತಿ ಕಡೆ ಒಂದದ ಅಂತಾರ. ಪಂಚಾಂಗ ನೋಡ್ಕೊಂಡ ಹೆಸರು ಬರಸ್ತೀನಿ, ದ್ವಾದಶಿ ಬರದಂಗ."

"ದ್ವಾದಶಿ ಬಂದ್ರೂ ಅಡ್ಡಿಯಿಲ್ಲ," ಎಂದಳು ಲಕ್ಷ್ಮೀಬಾಯಿ. ದಾರಿಯುದ್ದಕ್ಕೂ ಅವಳು ಅದನ್ನೇ ಯೋಚಿಸುತ್ತ ಬಂದಿದ್ದಳು. "ಭೀಮಮ್ಮ, ನಿಮ್ಮ ಹಿತ್ತಲದಾಗ ಆಡು ಅದಾವಲ್ಲಾ? ಓಟ ಇದ್ದ ದ್ವಾದಶಿಗೆ ಮೊದಲನೇ ತುತ್ತು ನಿಮ್ಮ ಆಡಿಗೆ ಹಾಕ್ತೀನಿ. ಮೂಕಪ್ರಾಣಿ ಉಂಡಂಗೂ ಆಗ್ತದ, ಇಕೀ ಹೊಟ್ಟಿ ಖಾಲಿ ಇದ್ದಂಗೂ ಆಗ್ತದ."

"ನಮ್ಮ ಆಡಿಗೆ ಪಾಯಸಾ?" ಎಂದು ಭೀಮಮ್ಮ ಕಣ್ಣರಳಿಸಿದಳು. "ನನಗೇ ಒಂದಿನ ಕೊಟ್ಟಿಲ್ಲಲ್ಲವ್ವಾ ನೀವು!"

"ನಿನಗ ನಾಳೆ ಕೊಡ್ತೀನಿ. ಇವತ್ತ ನಿನ್ನ ಪಾಲೂ ಸೇರಿಸಿ ಇಕೀನ ತಿಂದಾಳ," ಎಂದು ಲಕ್ಷ್ಮೀಬಾಯಿ ಚಿಗರಿಯ ಕಿವಿಯನ್ನು ಬೆರಳಿನಿಂದ ಮೆಲ್ಲಗೆ ತಿಕ್ಕಿದಳು.